ತಮ್ಮ ನೀರಿಗಿಳಿದ ಮೇಲೆ

ಸೈನಿಕರ ಮನೆಗಳ ವಿಷಯವಾಗಿ ನಮ್ಮಲ್ಲಿ ಬರೆಹಗಳು ಕಡಿಮೆಯೇನಲ್ಲ. ಗಡಿಯಲ್ಲಿ ನಿಂತ ಮಗ, ಅಂಚೆಯವನ ದಾರಿ ಕಾಯುವ ತಾಯಿ, ರಜೆಗೆ ಬಂದವನ ಟ್ರಂಕಿನ ಸುತ್ತ ನೆರೆಯುವ ಮಕ್ಕಳು, ಇವೆಲ್ಲ ವಾಚಕರಿಗೆ ಪರಿಚಿತವಾದ ಚಿತ್ರಗಳೇ. ಆದರೆ ನೀರಿನೊಳಗೆ ಮುಳುಗಿ ಸಾಗುವ ಹಡಗಿನಲ್ಲಿ ದುಡಿಯಲು ಹೊರಟವನ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಬಲ್ಲವರು ವಿರಳ. ಗಡಿಯ ಸೈನಿಕನಿಗೆ ಒಂದು ವಿಳಾಸವಾದರೂ ಇರುತ್ತದೆ. ಜಲಾಂತರ್ಗಾಮಿಯವನು ಸಮುದ್ರಕ್ಕೆ ಹೋದನೆಂದರೆ ಅವನಿಗೆ ವಿಳಾಸವೇ ಇಲ್ಲ. ಎಲ್ಲಿದ್ದಾನೆಂದು ಯಾರಿಗೂ ತಿಳಿಯಗೊಡದಿರುವುದೇ ಅವನ ಉದ್ಯೋಗ. ಅಂಥವನೊಬ್ಬನ ಅಕ್ಕನಾದ ನಾನು, ಅವನ ತರಬೇತಿಯ ಕಾಲದಲ್ಲಿ ನಮ್ಮ ಮನೆ ಕಲಿತುಕೊಂಡ ಪಾಠವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ತೌರು ಗಾಜನೂರು. ಶಿವಮೊಗ್ಗದಿಂದ ತೀರ್ಥಹಳ್ಳಿಯ ಹಾದಿಯಲ್ಲಿ ಸುಮಾರು 12 ಕಿಲೋಮೀಟರು ಸಾಗಿದರೆ ತುಂಗೆಗೆ ಕಟ್ಟಿದ ಅಣೆಕಟ್ಟು ಕಾಣುತ್ತದೆ. ಮುಂಗಾರು ಹಿಡಿದರೆ ರಾಜ್ಯದಲ್ಲಿ ಎಲ್ಲಕ್ಕಿಂತ ಮುಂಚೆ ತುಂಬುವ ಜಲಾಶಯಗಳಲ್ಲಿ ಅದೂ ಒಂದು. ಅದರ 22 ಬಾಗಿಲುಗಳಿಂದ ಕೆಂಪು ನೀರು ಧುಮ್ಮಿಕ್ಕುವುದನ್ನು ನೋಡಲು ಪೇಟೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಇನ್ನೂ ಸ್ವಲ್ಪ ಮುಂದೆ ಸಕ್ರೆಬೈಲಿನಲ್ಲಿ ಆನೆಗಳು ಹಿನ್ನೀರಿಗಿಳಿದು ಮೈ ತೊಳೆಸಿಕೊಳ್ಳುತ್ತವೆ. ಹೀಗೆ ನೀರೆಂಬುದು ನಮಗೆ ಹೊಸತೇನಲ್ಲ. ಆದರೆ ನಾವು ಬಲ್ಲ ನೀರು ಹೊಳೆಯ ನೀರು. ಎಷ್ಟೇ ತುಂಬಿದರೂ ಅದಕ್ಕೆ ಆಚೆಯ ದಡವುಂಟು. "ಸಮುದ್ರಕ್ಕೆ ಆಚೆ ದಡವೇ ಕಾಣುವುದಿಲ್ಲವಲ್ಲೇ" ಎಂದು ಅಮ್ಮ ಒಮ್ಮೆ ನನ್ನೊಡನೆ ಹೇಳಿದ್ದಳು. ಅವಳ ಭಯವೆಲ್ಲ ಆ ಒಂದು ಮಾತಿನಲ್ಲಿತ್ತು.

ಅಗಲಿಕೆಯ ಮೊದಲ ಪಾಠ ನಮಗೆ ಊರಿನಲ್ಲೇ ಆಗಿತ್ತು. ಗಾಜನೂರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ತಮ್ಮನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆರನೆಯ ತರಗತಿಗೆ ಅಲ್ಲಿ ಸೇರಿದನು. ಅದು ವಸತಿ ಶಾಲೆ. ಮನೆಯ ಅಂಗಳದಿಂದ ಕೂಗಳತೆ ಎನ್ನುವಷ್ಟು ಹತ್ತಿರವಿದ್ದರೂ, ಗೊತ್ತುಮಾಡಿದ ದಿನ ಬಾರದೆ ಅವನನ್ನು ನೋಡುವಂತಿರಲಿಲ್ಲ. ಶಾಲೆಯ ಗಂಟೆಯ ಸದ್ದು ಗಾಳಿ ಬೀಸಿದತ್ತ ಕೇಳಿಬಂದಾಗ ಅಮ್ಮ ಕೈಯಲ್ಲಿನ ಕೆಲಸ ನಿಲ್ಲಿಸಿ "ಈಗ ಊಟಕ್ಕೆ ಹೊರಟಿರುತ್ತಾನೆ" ಎನ್ನುವಳು. ಕಾಣದಿದ್ದರೂ ಅವನ ದಿನಚರಿ ಅವಳಿಗೆ ಬಾಯಿಪಾಠವಾಗಿತ್ತು. ಮುಂದೆ ಅವನು 2016ರಲ್ಲಿ ನೌಕಾಪಡೆಗೆ ನಾವಿಕನಾಗಿ ಸೇರಿ ಒಡಿಶಾದ ಚಿಲ್ಕಾ ತರಬೇತಿ ಕೇಂದ್ರಕ್ಕೆ ಹೋದಾಗಲೂ ಅಷ್ಟೆ. ಎಷ್ಟು ಗಂಟೆಗೆ ಏಳುವುದು, ಯಾವಾಗ ಕವಾಯತು, ಊಟಕ್ಕೆ ಏನು, ಎಲ್ಲವನ್ನೂ ಕೇಳಿ ತಿಳಿದುಕೊಂಡು ನಿಶ್ಚಿಂತಳಾದಳು.

2019ರಲ್ಲಿ ಒಂದು ಸಂಜೆ ಫೋನಿನಲ್ಲಿ ಅವನು, "ನಾನು ಸಬ್‌ಮೆರೀನಿಗೆ ಹೆಸರು ಕೊಟ್ಟಿದ್ದೇನೆ" ಎಂದನು. ಯಾರೂ ಅವನನ್ನು ಒತ್ತಾಯಿಸಿರಲಿಲ್ಲ. ತಾವಾಗಿ ಮುಂದೆ ಬಂದವರನ್ನು ಪರೀಕ್ಷಿಸಿ, ದೇಹವೂ ಮನಸ್ಸೂ ಆ ಬಾಳಿಗೆ ತಕ್ಕವೆಂದು ಕಂಡರೆ ಮಾತ್ರ ಆ ದಳಕ್ಕೆ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಥಟ್ಟನೆ ನೆನಪಾದದ್ದು 2013ರ ಆಗಸ್ಟ್ 14. ಅಂದು ಮುಂಬಯಿಯ ನೌಕಾ ಧಕ್ಕೆಯಲ್ಲಿ 'ಸಿಂಧುರಕ್ಷಕ' ಸಿಡಿದು ಮುಳುಗಿ, ಒಳಗಿದ್ದ 18 ಮಂದಿ ತೀರಿಕೊಂಡ ಸುದ್ದಿಯನ್ನು ಅವಳು ಪತ್ರಿಕೆಯಲ್ಲಿ ಓದಿದ್ದಳು. ಅಪ್ಪ ಮಾತಾಡದೆ ತೋಟದ ಕಡೆ ನಡೆದುಬಿಟ್ಟರು. ಅಪ್ಪನ ತಾಯಿ, ಎಂಬತ್ತಾರು ವರ್ಷದ ನಮ್ಮ ಅಜ್ಜಿ ಮಾತ್ರ, "ಭಗವಂತನೇ ಮೊದಲ ಅವತಾರಕ್ಕೆ ನೀರೊಳಗೆ ಹೋದ. ಇವನು ಹೋದರೆ ಏನಂತೆ?" ಎಂದು ಕವಳ ಹಾಕಿಕೊಂಡಳು.

ನಮ್ಮ ದೇಶಕ್ಕೆ ಜಲಾಂತರ್ಗಾಮಿಗಳು ಬಂದು ಬಹಳ ಕಾಲವೇನೂ ಆಗಿಲ್ಲ. ಮೊದಲನೆಯದಾದ 'ಕಲ್ವರಿ' ಸೇವೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ರೀಗಾ ಬಂದರಿನಲ್ಲಿ. ಆ ಹಡಗುಗಳನ್ನು ನಡೆಸಿದ ನಮ್ಮವರು ಪರದೇಶದ ಚಳಿಯಲ್ಲಿ, ಪರಭಾಷೆಯಲ್ಲಿ ಪಾಠ ಕಲಿತು ಬಂದವರು. ಇಂದಿಗೂ ಡಿಸೆಂಬರ್ 8ನ್ನು ಜಲಾಂತರ್ಗಾಮಿ ದಿನವೆಂದು ಆಚರಿಸುತ್ತಾರೆ. ಈಗ ಕಲಿಯಲು ಸೀಮೋಲ್ಲಂಘನ ಮಾಡಬೇಕಾಗಿಲ್ಲ. ವಿಶಾಖಪಟ್ಟಣದಲ್ಲಿ 'ಶಾತವಾಹನ' ಎಂಬ ನೌಕಾಶಾಲೆಯಿದೆ. ಅಲ್ಲಿ ಮೊದಲು ಪಾಠ. ಆಮೇಲೆ ನಿಜವಾದ ಹಡಗಿನ ಮೇಲೆ ಅಭ್ಯಾಸ. ಕೊನೆಗೆ ಹಿರಿಯರ ಮುಂದೆ ಕುಳಿತು ಬಾಯಿಮಾತಿನ ಪರೀಕ್ಷೆ. ಅಡಿಗೆಯವನಿರಲಿ, ಯಂತ್ರದವನಿರಲಿ, ತನ್ನ ಕೆಲಸವನ್ನಷ್ಟೇ ಬಲ್ಲೆನೆಂದರೆ ಅಲ್ಲಿ ನಡೆಯದು. ಹಡಗಿನ ಈ ತುದಿಯಿಂದ ಆ ತುದಿಯವರೆಗೆ ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ತಿರುಪು ಏನನ್ನು ಮುಚ್ಚುತ್ತದೆ ಎಂಬುದನ್ನು ಕತ್ತಲೆಯಲ್ಲೂ ಹೇಳಬಲ್ಲವನಾಗಬೇಕು. ಹಾಗೆ ತೇರ್ಗಡೆಯಾದವನ ಎದೆಯ ಮೇಲೆ ಡಾಲ್ಫಿನ್ನಿನ ಲಾಂಛನ ಬರುತ್ತದೆ.

ನಾನು ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯಿನಿ. ಆದ್ದರಿಂದ ತಮ್ಮನು ಕಲಿತದ್ದನ್ನು ಅಮ್ಮನ ಅಡಿಗೆಮನೆಗೆ ಇಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. "ನೀರೊಳಗೆ ಹೋದರೆ ಒತ್ತಡ ಎನ್ನುತ್ತಾನಲ್ಲ, ಅದೇನೇ?" ಎಂದು ಅವಳು ಕೇಳಿದಾಗ ತೋಟದ ಬಾವಿಯನ್ನು ತೋರಿಸಿದೆ. ಹತ್ತು ಮೀಟರು, ಎಂದರೆ ಮೂವತ್ತಮೂರು ಅಡಿ ನೀರಿನ ಕೆಳಗೆ, ಈಗ ನಮ್ಮ ಮೈಮೇಲಿರುವ ಗಾಳಿಯ ಭಾರದಷ್ಟೇ ಇನ್ನೊಂದು ಭಾರ ಸೇರುತ್ತದೆ. ಇನ್ನೂ ಹತ್ತು ಮೀಟರಿಗೆ ಮತ್ತೊಂದು. ಹೊಳೆಯಲ್ಲಿ ಮುಳುಗು ಹಾಕುವ ಹುಡುಗರಿಗೆ ಕಿವಿ ನೋಯುವುದು ಇದರಿಂದಲೇ. ಹಡಗಿನ ದಪ್ಪ ಉಕ್ಕಿನ ಮೈ ಆ ಭಾರವನ್ನೆಲ್ಲ ತಾನು ಹೊತ್ತು, ಒಳಗಿನವರಿಗೆ ನಮ್ಮಂತೆಯೇ ಉಸಿರಾಡಲು ಬಿಡುತ್ತದೆ. ಡೀಸೆಲ್ಲಿನ ಹಡಗು ನೀರೊಳಗೆ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ಕುಂದಿದಾಗ ಮೇಲ್ಮೈಯ ಹತ್ತಿರ ಬಂದು, ಉದ್ದನೆಯ ಕೊಳವೆಯೊಂದನ್ನು ನೀರಿನಾಚೆ ಚಾಚಿ, ಗಾಳಿಯನ್ನು ಎಳೆದುಕೊಂಡು ಎಂಜಿನ್ ನಡೆಸಿ ಅದನ್ನು ತುಂಬಿಸಿಕೊಳ್ಳುತ್ತದೆ. ಇಷ್ಟು ಹೇಳಿದ ಮೇಲೆ ಅಮ್ಮ ಯೋಚಿಸಿ, "ಹಾಗಾದರೆ ಆಗಾಗ್ಗೆ ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತದೆ ಅನ್ನು" ಎಂದಳು. ಅವಳಿಗೆ ಅರ್ಧ ಧೈರ್ಯ ಬಂದದ್ದು ಆ ಮಾತಿನಿಂದ. ದೇವರಿಗೆ ಹೊತ್ತ ಹರಕೆಯಿಂದ ಬಾರದ ಸಮಾಧಾನ ಒಂದು ಕೊಳವೆಯಿಂದ ಬಂದಿತು.

ನೆಂಟರಿಷ್ಟರ ಪ್ರಶ್ನೆಗಳಿಗೆ ಉತ್ತರಿಸುವುದು ಮಾತ್ರ ಬೇರೆಯೇ ಒಂದು ವಿದ್ಯೆ. "ಕಿಟಕಿಯಿಂದ ಮೀನು ಕಾಣುತ್ತದಂತೆ, ಹೌದೆ?" ಎಂದೊಬ್ಬರು. ಕಿಟಕಿಯೇ ಇಲ್ಲವೆಂದರೆ, "ಹಾಗಿದ್ದರೆ ದಾರಿ ಹೇಗೆ ಗೊತ್ತಾಗುತ್ತದೆ?" ಎಂದು ಇನ್ನೊಬ್ಬರು. ಅವರು ಕಣ್ಣಿಗಿಂತ ಕಿವಿಯನ್ನು ನಂಬಿ, ನೀರಿನಲ್ಲಿ ಬರುವ ಸದ್ದಿನಿಂದಲೇ ಎದುರಿನದನ್ನು ಗುರುತಿಸುತ್ತಾರೆಂದರೆ ಯಾರಿಗೂ ನಂಬಿಕೆಯಿಲ್ಲ. ಒಂದು ಸಂಬಂಧ ಬಂದಿತ್ತು, ಹೆಣ್ಣಿನ ಸೋದರಮಾವ ಜಾತಕವನ್ನು ಮಡಿಸಿಡುತ್ತ, "ಹುಡುಗ ವರ್ಷಕ್ಕೆ ಎಷ್ಟು ದಿನ ನೆಲದ ಮೇಲಿರುತ್ತಾನೆ?" ಎಂದು ಕೇಳಿದರು. ಅಪ್ಪ ಗಂಭೀರವಾಗಿ, "ನಮಗೂ ಹೇಳುವುದಿಲ್ಲ ಸ್ವಾಮಿ, ಅದು ರಾಜ್ಯರಹಸ್ಯ" ಎಂದರು. ಆ ಸಂಬಂಧ ಅಲ್ಲಿಗೇ ನಿಂತಿತು. ಹಡಗಿನ ಹೆಸರು, ಹೊರಡುವ ದಿನ, ಮರಳುವ ದಿನ ಇವುಗಳನ್ನು ಕೇಳಬಾರದು. ಗೊತ್ತಾದರೂ ನಾಲ್ಕು ಜನರ ಮುಂದೆ ಆಡಬಾರದು. ಇದು ಮನೆಯವರು ಮಾಡಬಹುದಾದ ಮೊದಲ ಸಹಾಯ. ನಾನೂ ಇಲ್ಲಿ ಅವನ್ನು ಬರೆಯುವುದಿಲ್ಲ.

2020ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅಪ್ಪ ಅಮ್ಮನನ್ನು ಕರೆದುಕೊಂಡು ವಿಶಾಖಪಟ್ಟಣಕ್ಕೆ ಹೋದೆ. ಶಾಲೆಯೊಳಗೆ ನಮ್ಮನ್ನು ಬಿಡುವ ಮಾತೇ ಇರಲಿಲ್ಲ. ಆದರೆ ಅದೇ ಪಟ್ಟಣದ ರಾಮಕೃಷ್ಣ ಬೀಚಿನ ಮರಳಿನ ಮೇಲೆ 'ಕುರ್ಸುರಾ' ಎಂಬ ಹಳೆಯ ಜಲಾಂತರ್ಗಾಮಿಯನ್ನು ಎಳೆದು ತಂದು ನಿಲ್ಲಿಸಿದ್ದಾರೆ. 1969ರಲ್ಲಿ ಸೇವೆಗೆ ಸೇರಿ, 2001ರಲ್ಲಿ ನಿವೃತ್ತಿ ಹೊಂದಿ, 2002ರಿಂದ ವಸ್ತು ಸಂಗ್ರಹಾಲಯವಾಗಿರುವ ಹಡಗು ಅದು. ಉದ್ದ 91 ಮೀಟರು. ನೌಕಾಪಡೆಯಿಂದ ನಿವೃತ್ತರಾದವರೇ ಒಳಗೆ ನಿಂತು ಎಲ್ಲವನ್ನೂ ವಿವರಿಸುತ್ತಾರೆ. ಬಿಡುವಿನ ದಿನ ತಮ್ಮನು ನಮ್ಮನ್ನು ಅಲ್ಲಿಗೆ ಕರೆದೊಯ್ದನು.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕಾಲಿಟ್ಟಳು. ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ದುಂಡನೆಯ ಕಿಂಡಿಯಲ್ಲಿ ಬಗ್ಗಿ, ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಇನ್ನೊಂದು ಕಾಲು ದಾಟಿಸಬೇಕು. ತಲೆಯ ಮೇಲೆ ಕೊಳವೆ, ಪಕ್ಕದಲ್ಲಿ ಕೊಳವೆ, ಅವುಗಳ ನಡುವೆ ಗಡಿಯಾರದಂಥ ಮುಖಗಳು. ಸುಮಾರು 75 ಮಂದಿ ವಾಸಿಸುತ್ತಿದ್ದ ಹಡಗಂತೆ. ಮಲಗುವ ಹಲಗೆಗಳು ಒಂದರ ಮೇಲೊಂದು. ಮಗ್ಗುಲು ಬದಲಿಸಿದರೆ ಭುಜ ತಗಲುವಂತಿವೆ. ಅಡಿಗೆಯ ಜಾಗ ನಮ್ಮ ದೇವರಮನೆಗಿಂತ ಕಿರಿದು. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು. "ಇಷ್ಟರಲ್ಲಿ 75 ಜನಕ್ಕೆ ಅಡಿಗೆಯೆ! ಆ ಪುಣ್ಯಾತ್ಮನಿಗೆ ಮೊದಲು ಕೈಮುಗಿಯಬೇಕು" ಎಂದಳು. ಕುಡಿಯುವ ನೀರಿಗೆ ಅಳತೆ, ಸ್ನಾನವೆಂಬುದು ಅಪರೂಪ ಎಂದು ಕೇಳಿದಾಗ ಅವಳಿಗೆ ಸಂಕಟವಾಯಿತು. ತುಂಗೆಯ ದಡದಲ್ಲಿ ಬೆಳೆದ ಹುಡುಗ, ಸುತ್ತಲೂ ನೀರಿದ್ದೂ ಮೀಯಲು ನೀರಿಲ್ಲದೆ ಇರಬೇಕೆ ಎಂದು. ಚಕ್ಕುಲಿಯ ಡಬ್ಬವನ್ನೂ ಅಪ್ಪೆಮಿಡಿಯ ಭರಣಿಯನ್ನೂ ಹೊತ್ತು ತಂದಿದ್ದ ಅವಳು, ಅವನ್ನಿಡಲು ಅಂಥ ಹಡಗಿನಲ್ಲಿ ಎಲ್ಲಿಯೂ ಎಡೆಯಿಲ್ಲವೆಂಬುದನ್ನು ಅಂದು ಕಣ್ಣಾರೆ ಕಂಡಳು. ಮತ್ತೆ ಎಂದೂ ಡಬ್ಬದ ಮಾತೆತ್ತಲಿಲ್ಲ.

ಬೀಚಿನ ಎದುರಿಗೆ 1971ರ ಯುದ್ಧದ ಸ್ಮಾರಕವಿದೆ. ಆ ವರ್ಷ ಡಿಸೆಂಬರಿನಲ್ಲಿ ಪಾಕಿಸ್ತಾನದ 'ಘಾಜಿ' ಈ ಬಂದರಿನ ಹೊರಗೇ ಮುಳುಗಿತು. 90ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು, ಒಬ್ಬನೂ ಉಳಿಯಲಿಲ್ಲ. ತಮ್ಮನು ಇದನ್ನು ಹೇಳುತ್ತಿದ್ದಾಗ ಅಮ್ಮ ಸಮುದ್ರದತ್ತ ನೋಡುತ್ತ, "ಅವರ ಮನೆಗಳಲ್ಲೂ ಹೀಗೇ ಕಾದಿರುತ್ತಾರೆ" ಎಂದಳು. ನಾವು ಮೂವರೂ ಏನನ್ನೂ ಹೇಳಲಿಲ್ಲ.

ಆ ಸಂಜೆ ಮರಳಿನ ಮೇಲೆ ಕುಳಿತಿದ್ದಾಗ ತಮ್ಮನು ನಮ್ಮಿಂದ ಒಂದು ಮಾತು ತೆಗೆದುಕೊಂಡನು. "ನನ್ನಿಂದ ಏನನ್ನೂ ಮುಚ್ಚಿಡಬೇಡಿ. 'ಹುಡುಗ ಪರೀಕ್ಷೆಗೆ ಓದುತ್ತಿದ್ದಾನೆ, ಸುಮ್ಮನೆ ಏಕೆ ಕಳವಳ' ಎಂದು ನೀವು ಒಂದನ್ನು ಮುಚ್ಚಿಟ್ಟರೆ, ಮುಂದೆ ನೀವು 'ಎಲ್ಲರೂ ಕ್ಷೇಮ' ಎಂದಾಗಲೆಲ್ಲ ನಾನು ನಿಮ್ಮ ದನಿಯನ್ನು ಹುಡುಕುತ್ತ ಕೂರಬೇಕಾಗುತ್ತದೆ. ನಮಗೆ ಅಲ್ಲಿ ಕಲಿಸುವುದೇ ಅದು. ಎಲ್ಲಿಯಾದರೂ ಒಂದು ಹನಿ ನೀರು ಒಸರಿದರೆ ಕಂಡವನು ಆ ಕ್ಷಣವೇ ಕೂಗಿ ಹೇಳಬೇಕು. ಹೇಳಿದ್ದಕ್ಕೆ ಯಾರೂ ಬಯ್ಯುವುದಿಲ್ಲ. ಸುಮ್ಮನಿದ್ದರೆ ಎಲ್ಲರಿಗೂ ಅಪಾಯ." ಆಮೇಲೆ ಅಪ್ಪನ ಕಡೆ ತಿರುಗಿ, "ನಾನು ಸಮುದ್ರದಲ್ಲಿರುವಾಗ ಏನಾದರೂ ಆದರೆ ದಳಕ್ಕೆ ತಿಳಿಸಿ. ನನಗೆ ಅದು ಮುಟ್ಟುವುದು ಮರಳಿದ ಮೇಲೆಯೇ ಇರಬಹುದು. ನೀವು ಮಾಡಬೇಕಾದದ್ದನ್ನು ಮಾಡಿ, ನನಗಾಗಿ ನಿಲ್ಲಿಸಬೇಡಿ" ಎಂದನು. ಅಪ್ಪ "ಆಗಲಿ" ಎಂದರು. ತಂದೆ ಮಕ್ಕಳ ನಡುವೆ ಅಷ್ಟು ದೀರ್ಘವಾದ ಮಾತುಕತೆ ಅದಕ್ಕೆ ಮುಂಚೆ ನಡೆದದ್ದನ್ನು ನಾನು ಕಾಣೆ.

ಮರಳಿ ಬಂದ ಮೇಲೆ ಅಮ್ಮ ತಾನಾಗಿ ಒಂದು ಉಪಾಯ ಕಂಡುಕೊಂಡಳು. 200 ಪುಟದ ನೋಟುಬುಕ್ಕು ತರಿಸಿ, ದಿನಕ್ಕೆರಡು ಸಾಲಿನಂತೆ ಮನೆಯ ವರ್ತಮಾನ ಬರೆಯತೊಡಗಿದಳು. ಕೊನೆಗೌಡರ ಕೂಲಿ, ಅಡಕೆಯ ಧಾರಣೆ, ಕರು ಹಾಕಿದ ಹಸು, ಅಣೆಕಟ್ಟಿನ ಬಾಗಿಲು ತೆಗೆದ ದಿನ, ಅಪ್ಪನ ಮಂಡಿನೋವು. ತಮ್ಮನ ಫೋನು ಬಂದಾಗ ಅದನ್ನು ಓದಿ ಹೇಳುವಳು. ಹತ್ತು ದಿನ ಬಾರದಿದ್ದರೆ ಹತ್ತು ದಿನದ್ದನ್ನೂ ಸೇರಿಸಿ ಓದುವಳು. "ಯಾಕೆ ಫೋನು ಮಾಡಲಿಲ್ಲ?" ಎಂಬ ಪ್ರಶ್ನೆ ಅದರಿಂದ ತಾನಾಗಿ ಮಾಯವಾಯಿತು. ಬಿಡುವಿಲ್ಲದೆ ಬಂದವನಿಗೆ ಆ ಪ್ರಶ್ನೆ ಎಷ್ಟು ಭಾರವೆಂಬುದನ್ನು ಅವನು ಬಹಳ ಕಾಲದ ಮೇಲೆ ನನಗೆ ಹೇಳಿದನು.

2020ರ ಮಾರ್ಚಿನಿಂದ ಸೋಂಕಿನ ಕಾಟ ಶುರುವಾಯಿತು. ತಮ್ಮನಿಗೆ ರಜೆ ದೊರೆಯಲಿಲ್ಲ. ಒತ್ತಡದ ಕೋಣೆಯ ಅಭ್ಯಾಸ, ಕೆಟ್ಟುನಿಂತ ಹಡಗಿನಿಂದ ಪಾರಾಗುವ ಅಭ್ಯಾಸ ಒಂದೊಂದಾಗಿ ಮುಗಿದವು. ಆಳದಿಂದ ಮೇಲೇರುವಾಗ ಉಸಿರನ್ನು ಬಿಗಿಹಿಡಿಯಬಾರದಂತೆ. ಮೇಲೆ ಬಂದಂತೆ ಹೊರಗಿನ ಒತ್ತಡ ಇಳಿದು ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೆ ದಾರಿ ಬಿಡದಿದ್ದರೆ ಶ್ವಾಸಕೋಶವೇ ಹರಿಯುತ್ತದೆ. ಭಯಪಟ್ಟವನು ಮೊದಲು ಮಾಡುವ ಕೆಲಸವೇ ಉಸಿರು ಕಟ್ಟುವುದು. ಅದನ್ನು ಮಾಡದಿರುವಂತೆ ಮೈಯನ್ನು ಪಳಗಿಸುವುದೇ ಆ ಪಾಠ.

ಮುಂದೆ 2021ರ ಆರಂಭದಲ್ಲಿ ಹಡಗಿನ ಮೇಲಿನ ಅಭ್ಯಾಸ ಬಂದಿತು. ಏಪ್ರಿಲ್ ತಿಂಗಳಲ್ಲಿ ಅವನು ಸಮುದ್ರದಲ್ಲಿದ್ದನು. ಅದೇ 21ರಂದು ಇಂಡೋನೇಷ್ಯದ ಬಾಲಿ ದ್ವೀಪದ ಬಳಿ 'ನಂಗ್ಗಾಲಾ' ಎಂಬ ಜಲಾಂತರ್ಗಾಮಿ 53 ಮಂದಿಯೊಡನೆ ಕಾಣೆಯಾಯಿತು. ಹುಡುಕಾಟಕ್ಕೆ ನೆರವಾಗಲು ನಮ್ಮ ನೌಕಾಪಡೆಯ ರಕ್ಷಣಾ ವಾಹನ ವಿಶಾಖಪಟ್ಟಣದಿಂದಲೇ ಹೊರಟಿತು. ನಾಲ್ಕು ದಿನ ಅಮ್ಮ ಟೆಲಿವಿಷನ್ನಿನ ಮುಂದಿನಿಂದ ಏಳಲಿಲ್ಲ. 25ರಂದು ಹಡಗು ಮುಳುಗಿ ಒಡೆದಿದೆ, ಎಲ್ಲರೂ ತೀರಿಕೊಂಡಿದ್ದಾರೆ ಎಂದು ಸಾರಿದರು. ಅಮ್ಮ ಟೆಲಿವಿಷನ್ನನ್ನು ಆರಿಸಿ, ಎದ್ದು ಹೋಗಿ ನೋಟುಬುಕ್ಕಿನಲ್ಲಿ ಬರೆದಳು. ಏನು ಬರೆದೆ ಎಂದು ನಾನು ಕೇಳಲಿಲ್ಲ.

ಅದಾದ ಮೇಲೆ ರಾಜ್ಯದಲ್ಲೆಲ್ಲ ಸಂಚಾರ ನಿಂತಿತು. ಮೇ ತಿಂಗಳ ಮೊದಲ ವಾರದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಸೋಂಕಲ್ಲ, ವಯಸ್ಸು. ಮೂರನೆಯ ದಿನ ನಸುಕಿನಲ್ಲಿ ಹೋದಳು. ಅಪ್ಪ ತಮಗೆ ಕೊಟ್ಟಿದ್ದ ದೂರವಾಣಿಗೆ ಕರೆಮಾಡಿ ತಿಳಿಸಿದರು. ಹಡಗು ಮರಳಿದೊಡನೆ ಹೇಳುವುದಾಗಿ ಅತ್ತಣಿಂದ ಮರ್ಯಾದೆಯ ಉತ್ತರ ಬಂದಿತು. ಮುದ್ದಿನ ಮೊಮ್ಮಗನಿಲ್ಲದೆ ಐದಾರು ಜನರಲ್ಲಿ ಎಲ್ಲವೂ ನಡೆಯಿತು. ಹದಿಮೂರನೆಯ ದಿನ ಕಳೆದು ಎರಡು ದಿನಕ್ಕೆ ತಮ್ಮನ ಫೋನು ಬಂದಿತು. ಸುದ್ದಿ ಅವನಿಗೆ ಆಗಲೇ ತಿಳಿದಿತ್ತು.

"ಅಜ್ಜಿಗೆ ಕೊನೆಗೆ ನೀರು ಬಿಟ್ಟವರು ಯಾರು ಅಕ್ಕ?"

"ನಾನೇ ಕಣೋ. ತುಂಗೆಯ ನೀರು, ತುಳಸಿ ಹಾಕಿ."

ಬಹಳ ಹೊತ್ತು ಅವನು ಸುಮ್ಮನಿದ್ದನು. ಆಮೇಲೆ, "ಅಮ್ಮನಿಗೆ ಕೊಡು. ನೋಟುಬುಕ್ಕು ತರಲು ಹೇಳು" ಎಂದನು. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಇಪ್ಪತ್ತು ದಿನಗಳಿಗೂ ಮಿಗಿಲಾದ ವರ್ತಮಾನ. ಒಂದು ದಿನದ ಬರವಣಿಗೆ ಹೀಗಿತ್ತು: 'ಬೆಳಗಿನ ಜಾವ 4 ಗಂಟೆಗೆ ಅತ್ತೆಯವರು ಹೋದರು. ನೋವಿರಲಿಲ್ಲ. ಮಧ್ಯಾಹ್ನ ಮಳೆ ಬಂತು. ಬೆಕ್ಕು ಅಟ್ಟದ ಮೇಲೆ ಮೂರು ಮರಿ ಹಾಕಿದೆ.' ಅಲ್ಲಿಗೆ ಬಂದಾಗಲೂ ಅವಳ ದನಿ ನಡುಗಲಿಲ್ಲ. ಆ ಬದಿಯಲ್ಲಿ ಅವನು ಅತ್ತನೆಂದು ನನಗೆ ಗೊತ್ತು, ಅಮ್ಮನಿಗೂ ಗೊತ್ತು. ಅವಳು ಓದುವುದನ್ನು ನಿಲ್ಲಿಸದೆ ಕೊನೆಯ ಸಾಲಿನವರೆಗೆ ಹೋದಳು. ಸುದ್ದಿಯನ್ನು ಬಚ್ಚಿಟ್ಟಿದ್ದರೆ ಆ ಅಳುವನ್ನು ಅವನು ಇನ್ನೂ ಎಷ್ಟೋ ತಿಂಗಳು ಎದೆಯಲ್ಲಿ ಹೊತ್ತು ತಿರುಗಬೇಕಾಗಿತ್ತು, ಅದೂ ಒಬ್ಬನೇ.

ಅದೇ ವರ್ಷ ಅವನು ಬಾಯಿಮಾತಿನ ಪರೀಕ್ಷೆಯಲ್ಲಿ ತೇರ್ಗಡೆಯಾದನು. ರಜೆಗೆ ಬಂದಾಗ ಎದೆಯ ಲಾಂಛನವನ್ನು ಬಿಚ್ಚಿ ಅಮ್ಮನ ಅಂಗೈಯಲ್ಲಿಟ್ಟನು. ಅವಳು ಅದನ್ನು ತಿರುವಿ ನೋಡಿ, ಅಜ್ಜಿಯ ಪಟದ ಮುಂದೆ ಒಂದು ದಿನ ಇರಿಸಿ ಹಿಂದಿರುಗಿಸಿದಳು. ಅಪ್ಪ ಆ ಬೆಳಿಗ್ಗೆ ಅವನನ್ನು ಕರೆದುಕೊಂಡು ಹೊಳೆಗೆ ಸ್ನಾನಕ್ಕೆ ಹೋದರು. ತಂದೆ ಮಗ ಇಬ್ಬರೂ ಹೊತ್ತೇರುವವರೆಗೆ ನೀರಿನಿಂದ ಮೇಲೆ ಬರಲಿಲ್ಲ.

ಹೊರಟವನಿಗೆ ನಾವು ಕೊಡಬಹುದಾದದ್ದು ಹೆಚ್ಚೇನಿಲ್ಲ. ಅವನ ಪಾಠವನ್ನು ನಾವು ಓದಲಾರೆವು. ಅವನ ಭಯದಲ್ಲಿ ಪಾಲುಗೊಳ್ಳಲಾರೆವು. ಅವನು ಮಾಡುವ ಕೆಲಸವೇನೆಂದು ತಿಳಿದುಕೊಂಡರೆ ನಮ್ಮ ಭಯ ತನ್ನ ನಿಜವಾದ ಅಳತೆಗೆ ಇಳಿಯುತ್ತದೆ. ಮನೆಯ ಸುದ್ದಿಯನ್ನು ಸಿಹಿಯಾಗಲಿ ಕಹಿಯಾಗಲಿ ಇದ್ದಂತೆ ಹೇಳುವ ವಾಡಿಕೆ ಬೆಳೆದರೆ, 'ಎಲ್ಲರೂ ಕ್ಷೇಮ' ಎಂಬ ಮಾತನ್ನು ಅವನು ನಂಬಿಕೊಂಡು ಸಮುದ್ರಕ್ಕೆ ಇಳಿಯಬಹುದು. ತರಬೇತಿಯ ಸೌಕರ್ಯಗಳೂ ಬೆಳೆಯುತ್ತಿವೆ. ಹಡಗಿನಿಂದ ಪಾರಾಗುವ ಅಭ್ಯಾಸಕ್ಕೆಂದೇ 2024ರಲ್ಲಿ ಶಾತವಾಹನದಲ್ಲಿ 'ವಿನೇತ್ರ' ಎಂಬ ಹೊಸ ಕೇಂದ್ರ ಆರಂಭವಾಗಿದೆ. ಅದನ್ನು ಪತ್ರಿಕೆಯಲ್ಲಿ ಓದಿದಾಗ ಅಮ್ಮ ಮೊದಲಿನಂತೆ ಬೆದರದೆ, "ಒಳ್ಳೆಯದಾಯಿತು. ಅದರಲ್ಲಿ ನೀರು ಎಷ್ಟು ಆಳವಂತೆ?" ಎಂದು ಕೇಳಿದಳು.

ಈಚೆಗೆ ಭದ್ರಾವತಿಯಿಂದ ಒಬ್ಬ ತಾಯಿ ನಮ್ಮ ಮನೆಯನ್ನು ಹುಡುಕಿಕೊಂಡು ಬಂದಿದ್ದರು. ಅವರ ಮಗನೂ ಆ ದಳಕ್ಕೆ ಹೆಸರು ಕೊಟ್ಟಿದ್ದಾನಂತೆ. ಕಣ್ಣೊರೆಸಿಕೊಳ್ಳುತ್ತ, "ಮಗನಿಗೆ ಏನು ಕಟ್ಟಿಕೊಡಲಿ ಅಮ್ಮಾ?" ಎಂದು ಕೇಳಿದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕೂರಿಸಿ, ತೋಟದ ಬಾವಿಯ ಲೆಕ್ಕದಿಂದ ಹಿಡಿದು ಗಾಳಿ ಎಳೆಯುವ ಕೊಳವೆಯವರೆಗೆ ಎಲ್ಲವನ್ನೂ ತಾನೇ ವಿವರಿಸಿದಳು. ನಾನು ಪಕ್ಕದಲ್ಲಿ ಕುಳಿತು ಕೇಳಿದೆ. ತಿದ್ದುವಂಥ ತಪ್ಪು ಒಂದೂ ಇರಲಿಲ್ಲ. ಅವರು ಹೊರಟು ನಿಂತಾಗ ಒಳಗಿನಿಂದ ಹೊಸ ನೋಟುಬುಕ್ಕೊಂದನ್ನು ತಂದು ಕುಂಕುಮದೊಡನೆ ಅವರ ಕೈಗಿಟ್ಟಳು.